ಗೋಡೆಯ ಮೇಲಿನ ನಾನು

ಪ್ಲಾಸ್ಟಿಕ್ ಹೂವಿನ ಹಾರಕ್ಕೊಂದು ಮಹಾದೋಷವಿದೆ: ಅದು ಬಾಡುವುದಿಲ್ಲ. ನಿಮ್ಮ ಮನೆಯ ಗೋಡೆಯಲ್ಲೂ ಅಂಥದ್ದೊಂದು ಇದ್ದೀತು, ಆದರೆ ಅದರ ನಡುವಿನ ಭಾವಚಿತ್ರದಲ್ಲಿ ಸಾಕ್ಷಾತ್ ನೀವೇ ಇರುವ ಸಂಭವ ಕಡಿಮೆ. ನಾನಿದ್ದೇನೆ. ಧಾರಾವಾಹಿಯೊಂದರ ನಾಯಕಿಯ ದಿವಂಗತ ತಂದೆಯಾಗಿ, ಎಂಟು ತಿಂಗಳಿಂದ ದಿನಾ ಸಂಜೆ ಏಳಕ್ಕೆ ಹಾರ ಹಾಕಿಸಿಕೊಂಡು ನಾಡಿಗೆಲ್ಲ ದರ್ಶನ ಕೊಡುತ್ತಿದ್ದೇನೆ.

ಮಳವಳ್ಳಿಯ ಪೌರಾಣಿಕ ನಾಟಕಗಳಲ್ಲಿ ಭೀಮನಾಗಿ ಗದೆ ತಿರುಗಿಸುತ್ತಿದ್ದವನು ಪೋಷಕ ನಟನಾಗಿ ಇಪ್ಪತ್ತು ವರ್ಷವಾಯಿತು. ಇಲ್ಲಿ ಯಾರು ಯಾರನ್ನು ಪೋಷಿಸುತ್ತಾರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ವಕೀಲನಾಗಿದ್ದೇನೆ, ಬೀಗನಾಗಿದ್ದೇನೆ, 'ಇಪ್ಪತ್ನಾಲ್ಕು ಗಂಟೆ ಏನೂ ಹೇಳೋಕಾಗಲ್ಲ' ಎನ್ನುವ ವೈದ್ಯನಾಗಿ ಎಷ್ಟೋ ಸಲ ಕನ್ನಡಕ ತೆಗೆದಿದ್ದೇನೆ. ಆದರೆ ನನಗೆ ನಿಜವಾದ ಕೀರ್ತಿ ಬಂದದ್ದು ಸತ್ತಮೇಲೆಯೇ. ಮದ್ದೂರಿನ ಬಸ್ ನಿಲ್ದಾಣದಲ್ಲಿ ಹೂ ಮಾರುವಾಕೆ ನನ್ನನ್ನು ಕಂಡು, ಒಳ್ಳೆಯವರು ಬೇಗ ಹೋಗಿಬಿಡುತ್ತಾರೆಂದು ನನ್ನೆದುರೇ ಕಣ್ಣೊರೆಸಿಕೊಂಡಳು.

ನಮ್ಮ ಕಸುಬಿನಲ್ಲೊಂದು ಪದ್ಧತಿಯುಂಟು. ಹೆಣವಾಗಿ ಮಲಗಿದವನು ಬಣ್ಣ ಅಳಿಸುವ ಮುನ್ನ ಎದ್ದು ಕುಳಿತು ಕ್ಯಾಮೆರಾ ನೋಡಿ ಒಮ್ಮೆ ನಗಬೇಕು. ಹಾಗೆ ನಕ್ಕರೆ ಅಪಶಕುನ ಪರಿಹಾರವಾಗುತ್ತದಂತೆ. ನನ್ನ ಸಾವಿನ ದೃಶ್ಯ ತೆಗೆದ ದಿನ ಬೆಳಕು ಜಾರುತ್ತಿತ್ತು, ಎಲ್ಲರಿಗೂ ಅವಸರ. ಮೂಗಿನ ಹತ್ತಿ ಕಿತ್ತೆಸೆದು ನಾನೂ ಬಸ್ಸು ಹಿಡಿದೆ. ಕಿರುಗಾವಲಿನಲ್ಲಿರುವ ಅವ್ವನ ಮುಂದೆ ಈ ಪದ್ಧತಿಯನ್ನು ಪಾಂಡಿತ್ಯಪೂರ್ಣವಾಗಿ ವಿವರಿಸಿದ್ದೇ ನನ್ನ ತಪ್ಪು.

"ನೀನು ನಕ್ಯಾ?" ಎಂದು ಕೇಳಿದಳು.

ನಟನೆಯಿಂದಲೇ ಹೊಟ್ಟೆ ಹೊರೆಯುವವನಿಗೆ ಅವ್ವನ ಮುಂದೆ ಒಂದು ಸುಳ್ಳು ಹುಟ್ಟಲಿಲ್ಲ.

ಅಂದಿನಿಂದ ಗೋಡೆಯ ಮೇಲೆ ನಾನು ಕಂಡೊಡನೆ ಆಕೆ ಮುಖ ತಿರುಗಿಸುವಳು. ಏಳೂವರೆಗೆ ತಪ್ಪದೆ ಫೋನು. ವಿಷಯವೇನೂ ಇರುತ್ತಿರಲಿಲ್ಲ, ನನ್ನ ದನಿ ಕೇಳಿದರೆ ಸಾಕು, ಇಟ್ಟುಬಿಡುವಳು. ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಏಳೂವರೆಗೆ ಮುಂಚೆಯೇ ಫೋನು ಕೈಯಲ್ಲಿ ಹಿಡಿದು ಕೂರತೊಡಗಿದೆ.

ಹೀಗಿರುವಾಗ ಕಳೆದ ತಿಂಗಳು ಕರೆ ಬಂತು: ನಾಯಕಿಯ ಮದುವೆ, ಅವಳ ಕನಸಿನಲ್ಲಿ ತಂದೆ ಬಂದು ಹರಸಬೇಕು! ಪುನರ್ಜನ್ಮದ ವಾರ್ತೆಯನ್ನು, ಚಿತ್ರೀಕರಣಕ್ಕೆ ಹೊರಟ ಬಸ್ಸು ಮಂಡ್ಯ ದಾಟುವಷ್ಟರಲ್ಲಿ ಕಂಡಕ್ಟರಿಗೂ ಪಕ್ಕದ ಸೀಟಿನ ಅಪರಿಚಿತರಿಗೂ ಹೇಳಿ ಮುಗಿಸಿದ್ದೆ. ನಿರ್ದೇಶಕರಿಗೆ ಬೇಕಿದ್ದದ್ದು ಅಶ್ರುಪೂರ್ಣ ಗಾಂಭೀರ್ಯ. ಇಪ್ಪತ್ತು ವರ್ಷದಲ್ಲಿ ಏನನ್ನೂ ಕೇಳದ ನಾನು, ಒಂದೇ ಒಂದು ನಗು ಬೇಡಿದೆ. ಅವ್ವನ ವಿಚಾರವನ್ನೂ ಹೇಳಿದೆ. ಅವರು ಗಡಿಯಾರ ನೋಡಿ, ಒಂದೇ ಟೇಕು ಎಂದರು. ಭೀಮನ ಪಾತ್ರಕ್ಕೂ ನಾನು ಕನ್ನಡಿಯ ಮುಂದೆ ಅಷ್ಟು ತಾಲೀಮು ಮಾಡಿರಲಿಲ್ಲ.

ಪ್ರಸಾರದ ಸಂಜೆ ಕಿರುಗಾವಲಿನಲ್ಲಿ ಅವ್ವನ ಪಕ್ಕವೇ ಕುಳಿತಿದ್ದೆ. ಹಾರದ ಚಿತ್ರ ಬಂತು. ಅವಳು ಮುಖ ತಿರುಗಿಸುವಷ್ಟರಲ್ಲಿ ಗಪ್ಪನೆ ಕೈ ಹಿಡಿದುಕೊಂಡೆ. ಚಿತ್ರದಿಂದ ಇಳಿದುಬಂದ ನಾನು ಬಾಯ್ತುಂಬ ನಕ್ಕೆ. ಅವ್ವ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಅಂತೂ ನಕ್ಯಲ್ಲ ಬುಡು, ಮಗಾ."

ಮಾರನೆಯ ದಿನ ಗೋಡೆಯ ಹಾರವೂ ನಾನೂ ಸ್ವಸ್ಥಾನಕ್ಕೆ ಮರಳಿದ್ದೆವು. ಏಳೂವರೆಗೆ ಫೋನು ಬಡಿದುಕೊಂಡಾಗ, ಎಲ್ಲ ವ್ಯರ್ಥವಾಯಿತೆಂದು ಅಳುಕುತ್ತಲೇ ಎತ್ತಿದೆ. ಅವ್ವ ಈ ಸಲ ಚಿತ್ರವನ್ನು ಕಣ್ತುಂಬ ನೋಡಿದ್ದಳು.

"ಹಾರದ ಮ್ಯಾಲೆ ಏನ್ ದೂಳು ಕೂತದೆ ಕಣ್ಲಾ! ಒಂದ್ಸಲ ವರ್ಸಿ ಅಂತ ಅವ್ರಿಗೇಳು."