ತವರಿಲ್ಲದ ಆಯಿ

ನಾನೀಗ ಇರುವ ಶಿಗ್ಗಾಂವಿಯ ಓಣಿಗೆ ಮೊನ್ನೆ ವಂಶಾವಳಿ ಹೇಳುವ ಹೆಳವರು ಬಂದಿದ್ದರು. ಎತ್ತಿನ ಬದಲು ಮೋಟಾರ್ ಸೈಕಲ್ಲು. ಗಂಟೆ ಮಾತ್ರ ಅದೇ, ಹಿತ್ತಾಳೆಯ ದಪ್ಪ ಸದ್ದು. ಎದುರು ಮನೆಯ ಕಟ್ಟೆಯ ಮೇಲೆ ಕುಳಿತು ಆ ಮನೆತನದ ಮೂಲಪುರುಷನಿಂದ ಹಿಡಿದು ಒಂದೊಂದೇ ಹೆಸರು ಹೇಳತೊಡಗಿದಾಗ ನನ್ನ ಕಿವಿಗಳು ಬಿಸಿಯಾದವು. ಚಿಕ್ಕಂದಿನಲ್ಲೂ ಹಾಗೇ. ಹಾನಗಲ್ಲಿನ ನಮ್ಮ ಓಣಿಯಲ್ಲಿ ಮನೆಮನೆಗೂ ಹೋಗುತ್ತಿದ್ದ ಹೆಳವ ನಮ್ಮ ಬಾಗಿಲು ದಾಟಿ ಮುಂದೆ ನಡೆಯುತ್ತಿದ್ದ. ನಾವು ಕ್ರೈಸ್ತರು, ನಮ್ಮ ಹಿರಿಯರು ಅವನ ನಾಲಿಗೆಯ ಮೇಲಿರಲಿಲ್ಲ. ಗೆಳತಿಯರು ತಮ್ಮ ಮುತ್ತಜ್ಜಂದಿರ ಹೆಸರು ಹೇಳಿ ಮೆರೆಯುವಾಗ ನಾನು ಉಟ್ಟ ಪರಕಾರದ ಅಂಚು ತಿರುವುತ್ತ ನಿಲ್ಲುತ್ತಿದ್ದೆ.

ಅಪ್ಪ ದರ್ಜಿ. ಹೊಸ ಬಟ್ಟೆಯ ಗಂಜಿ, ಇಸ್ತ್ರಿಪೆಟ್ಟಿಗೆಯ ಇದ್ದಿಲು, ಆಯಿ ಹುರಿಯುವ ಶೇಂಗಾ, ಇವೆಲ್ಲ ಬೆರೆತ ವಾಸನೆಯೇ ನಮ್ಮ ಮನೆ. ಆಯಿ ಅಂದರೆ ಅಪ್ಪನ ಅವ್ವ, ಕರುಣವ್ವ. ಅಪ್ಪನ ತಂಗಿ ಸುಗುಣತ್ತೆಯನ್ನು ನೋಡಲು ಸವಣೂರಿನಿಂದ ನಮ್ಮವರೇ ಬೀಗರು ಬಂದ ದಿನ ಅವ್ವ ನಸುಕಿನಲ್ಲೇ ಎದ್ದು ನೆಲ ಸಾರಿಸಿದ್ದಳು. ಆಯಿ ಹಂಸಭಾವಿಯ ಚರ್ಚಿನ ಉಪದೇಶಿಗಳ ಮನೆಯ ಮಗಳೆಂದು ಅಪ್ಪ ಅವರಿಗೆ ಮೊದಲೇ ಹೇಳಿಟ್ಟಿದ್ದ. ವರನ ತಾಯಿ ಅಕ್ಕರೆಯಿಂದಲೇ ಕೇಳಿದರು: "ನನ್ನ ತವರೂ ಹಂಸಭಾವಿನರಿ. ಯಾವ ಉಪದೇಶಿಗಳ ಮನಿರಿ ನಿಮ್ಮವ್ವಾರದು?" ಅಪ್ಪ ಅಂಗಿಯ ತೋಳಿಗಂಟಿದ ದಾರ ಕೀಳುತ್ತ ಕುಳಿತ. ಒಳಗಿನಿಂದ ಆಯಿ ಬಂದಳು.

"ನನಗ ತವರಿಲ್ಲ ತಂಗಿ. ಪ್ಲೇಗಿನ ಕಾಲಕ್ಕ ಹಂಸಭಾವಿ ಸಂತ್ಯಾಗ ಬಿಟ್ಟುಹ್ವಾದ ಕೂಸು ನಾನು. ಮಿಶನ್‌ದವರು ಎತ್ಕೊಂಡು ಸಾಕಿದ್ರು. ಹಡದಾಕಿ ಯಾರಂತ ಗೊತ್ತಿಲ್ಲ."

ಬೀಗರು ಚಹಾ ಕುಡಿದರು. "ಹೇಳಿ ಕಳಸ್ತೇವ್ರಿ" ಎಂದು ಎದ್ದರು. ಆಯಿಗೆ ತವರಿಲ್ಲದ್ದಕ್ಕೋ, ಅಪ್ಪನ ಸುಳ್ಳಿಗೋ, ಹೇಳಿ ಕಳಿಸಲೇ ಇಲ್ಲ. ಅವರು ಓಣಿ ತಿರುಗುತ್ತಲೇ ಅಪ್ಪ ಕೂಗಾಡಿದ: "ಒಂದ್ ತಾಸು ಬಾಯಿ ಮುಚ್ಕೊಂಡು ಕುಂದ್ರಾಕ ಆಗಲಿಲ್ಲೇನಬೇ? ಮಾನ ಕಳದಿ!" ಆಯಿ ಚಹಾದ ಕಪ್ಪುಗಳನ್ನು ಎತ್ತಿ ಒಳಗೆ ಒಯ್ದಳು.

ಸಂಜೆಯ ಪ್ರಾರ್ಥನೆಗೆ ಕುಳಿತಾಗ, ಕಣ್ಣು ಮಂಜಾಗಿ ಓದಲಾಗದ ಆಯಿ ಬೈಬಲಿನ ಮತ್ತಾಯನ ಮೊದಲನೆಯ ಅಧ್ಯಾಯ ಓದಲು ಅಪ್ಪನಿಗೆ ಹೇಳಿದಳು. ಅಲ್ಲಿರುವ ಯೇಸುವಿನ ವಂಶಾವಳಿಯನ್ನು ಅಪ್ಪ ಎಂದೂ ಓದುತ್ತಿರಲಿಲ್ಲ. ಹೆಸರುಗಳನ್ನು ಹಾರಿಸಿ ಯೇಸುವಿನ ಹುಟ್ಟಿಗೇ ಬರುತ್ತಿದ್ದ. ಆ ದಿನ ಓದಿದ. ತಾಮಾರಳ ಹೆಸರು ಬರುತ್ತಲೇ ಆಯಿ ತಡೆದಳು.

"ಆಕಿ ಎಂಥಾಕಿ?"

"ಗಂಡ ಸತ್ತಾಕಿ. ಮಾವನಿಂದ ಬಸರಾದಾಕಿ."

"ರಹಾಬ?"

"ಹುಡುಗ್ರು ಕುಂತಾವಬೇ."

"ಹೇಳು."

"ಸೂಳಿ."

"ರೂತ್?"

"ಬ್ಯಾರೆ ದೇಶದಾಕಿ. ಬ್ಯಾರೆ ಜನ."

ಆಯಿ ಸೆರಗು ಸರಿಮಾಡಿಕೊಂಡಳು. "ಸ್ವಾಮಿ ಮನಿತನ ಹೇಳೂ ಮುಂದ ಇವರನ್ನ ಬಿಡಬಹುದಿತ್ತಲ್ಲೋ. ರಾಜರ ಹೆಸರು ಅಷ್ಟ್ ಇದ್ದುವು. ಬರದಾವ ಯಾಕ ಬಿಡಲಿಲ್ಲ?" ಅಪ್ಪ ಉಳಿದ ಹೆಸರುಗಳನ್ನು ಕೇಳಿಸೀ ಕೇಳಿಸದ ದನಿಯಲ್ಲಿ ಓದಿ ಮುಗಿಸಿದ. ಮಕ್ಕಳೆದುರು ಅಪ್ಪ ಅಷ್ಟು ಚಿಕ್ಕವನಾದದ್ದನ್ನು ನೋಡಲಾರದೆ ನಾನು ಕಣ್ಣು ಮುಚ್ಚಿದೆ. ಪ್ರಾರ್ಥನೆ ಮಾಡುತ್ತಿದ್ದೇನೆಂದು ಅವ್ವ ತಿಳಿದಳು.

ಮಾತು ಹಿರೇಕೆರೂರಿನ ತನಕ ಹಬ್ಬಿತು. ಅತ್ತೆಯನ್ನು ಕೇಳಿ ಮತ್ತೆ ಯಾರೂ ಬರಲಿಲ್ಲ. ಅವಳು ಹೊಲಿಗೆ ಕಲಿತು ಅಪ್ಪನ ಪಕ್ಕದಲ್ಲೇ ಮಷೀನು ಹಾಕಿಕೊಂಡಳು. ಇಬ್ಬರೂ ದಿನವಿಡೀ ಜೊತೆಗೇ ಕೂರುತ್ತಿದ್ದರು, ಆ ಮಾತು ಮಾತ್ರ ಎತ್ತುತ್ತಿರಲಿಲ್ಲ. ಆಯಿ ತೀರಿಕೊಂಡಳು. ರಸ್ತೆ ಅಗಲವಾಗಿ ಆ ಮನೆಯೂ ಹೋಯಿತು.

ಆಯಿ ತೀರಿದ ಮೇಲೆ, ಆ ಮನೆ ಹೋಗುವ ಮೊದಲು, ಅಲ್ಲಿಯೇ ನನ್ನನ್ನು ನೋಡಲು ಬಂದವರಿಗೆ ಅಪ್ಪ ತಾನಾಗಿಯೇ ಹೇಳಿದ: "ಚಹಾ ಕುಡಿಯೂಕಿಂತ ಮದಲ ಒಂದ್ ಮಾತ್ರೀ. ನಮ್ಮವ್ವ ಸಂತ್ಯಾಗ ಸಿಕ್ಕ ಕೂಸರಿ. ಆಕಿ ಹೆಸರು ಕರುಣವ್ವ." ಬಂದಿದ್ದ ಹಿರಿಯರು, "ಇರ್ಲಿ ಬಿಡ್ರಿ, ಅದಕ್ಕೇನಾತು" ಎಂದು ಕಪ್ಪಿಗೆ ಕೈ ಚಾಚಿದರು. ಅಷ್ಟೇ. ಅಷ್ಟು ಸುಲಭವಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ, ತಲೆಯಲ್ಲಿ ಬೆಳ್ಳಿಕೂದಲು ಮೂಡಿದ್ದ ನನ್ನ ಸುಗುಣತ್ತೆ, ತಟ್ಟೆಯಲ್ಲಿ ಚಕ್ಕುಲಿ ಜೋಡಿಸುತ್ತಲೇ ಇದ್ದಳು. ಅವರು ಹೋಗುವವರೆಗೂ ಅಪ್ಪ ಆ ಬಾಗಿಲಿನ ಕಡೆ ನೋಡಲಿಲ್ಲ.