ಹೊತ್ತು ಮುಳುಗುವ ಮುನ್ನ ಕರೆದ ಹೆಸರು

ರಾಜಮತಿ ಊಟ ಬಿಟ್ಟು ಹದಿಮೂರು ದಿನಗಳಾಗಿದ್ದವು. ಪೂರ್ತಿ ಬಿಟ್ಟಿದ್ದಳು ಎನ್ನುವಂತಿಲ್ಲ. ಬೆಳಿಗ್ಗೆ ಎರಡು ಚಮಚ ಗಂಜಿ, ಮಧ್ಯಾಹ್ನ ಅರ್ಧ ಬಟ್ಟಲು ಹಾಲು ಹೇಗೋ ಒಳಗಿಳಿಯುತ್ತಿತ್ತು. ರಾತ್ರಿ ಎಂಟೂವರೆಗೆ ತಾಟು ಮುಂದಿಟ್ಟರೆ ಮಾತ್ರ ತುಟಿ ಬಿಗಿದುಕೊಂಡು ಬಿಡುತ್ತಿದ್ದಳು. ಎಂಬತ್ತಾರು ವರ್ಷದ ಮುದುಕಿ, ಬೆಳಗಾವಿಯ ವಡಗಾವಿಯಲ್ಲಿನ ಮನೆಯ ಪಡಸಾಲೆಯಲ್ಲಿ ಕಿಟಕಿಯ ಪಕ್ಕ ಕುಳಿತು, ದಿನವಿಡೀ ಹಿತ್ತಲ ಬಾಗಿಲಿನ ಕಡೆಗೆ ಕಿವಿಯಿಟ್ಟಿರುತ್ತಿದ್ದಳು. ಕಣ್ಣಲ್ಲ, ಕಿವಿ. ಓಣಿಯ ಮಗ್ಗಗಳ ಖಟಖಟ ಸದ್ದಿನ ಆಚೆ, ಬಹಳ ದೂರದಿಂದ, ಏನೋ ಕೇಳಿಸಬೇಕಾಗಿದೆ ಎಂಬಂತೆ.

ಮಗ ಆದಿನಾಥ "ಅವ್ವಾ" ಎಂದರೆ ಹೊರಳಿ ನೋಡುತ್ತಿರಲಿಲ್ಲ. ಸೊಸೆ ಅನುಜಾ "ಅತ್ತೀ" ಎಂದರೂ ಇಲ್ಲ. ಬಿ.ಪಿ. ನೋಡಲು ಬರುವ ನರ್ಸು "ರಾಜಮತಿಬಾಯಾರ" ಎಂದು ಗಟ್ಟಿಯಾಗಿ ಕೂಗಿದರೆ, ಆ ಹೆಸರಿನವರು ಯಾರಾದರೂ ಇಲ್ಲಿದ್ದಾರೆಯೇ ಎಂದು ತಾನೇ ಸುತ್ತ ನೋಡುತ್ತಿದ್ದಳು.

ಗುರುವಾರ ಡಾಕ್ಟರು ಬಂದು ನೋಡಿ, ಸೋಮವಾರದ ತನಕ ಹೀಗೆಯೇ ನಡೆದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ, ಮುಂದೆ ಅದನ್ನು ಯಾವಾಗ ತೆಗೆಯಲಾದೀತೋ ತಮಗೆ ಗೊತ್ತಿಲ್ಲ ಎಂದು ಹೇಳಿ ಹೋದರು. ಅಂದು ರಾತ್ರಿ ಆದಿನಾಥ ತಾಯಿಯ ಮುಂದೆ ನುಚ್ಚಿನ ಬಟ್ಟಲು ಹಿಡಿದು ಕೂತ.

"ಬಾಯಿ ತಗಿಯಬೇ ಯವ್ವಾ."

ಮುದುಕಿ ಹದಿಮೂರು ದಿನದಲ್ಲಿ ಮೊದಲ ಸಲ ಪೂರ್ತಿ ಮಾತೊಂದನ್ನು ಆಡಿದಳು. "ನನ್ನ ಯಾರೂ ಕರೀಲೇ ಇಲ್ಲ. ಕರೀದ ಹೆಂಗ ಉಣ್ಣಾಕ ಬರಲಿ?"

"ಮೂರ ಸಲ ಕರದ್ನಲ್ಲ!" ಎಂದ ಆದಿನಾಥ. ಅವಳು ಮತ್ತೆ ಬಾಗಿಲ ಕಡೆಗೆ ಕಿವಿಯಿಟ್ಟಳು.

ಅನುಜಾ ಮುಂದಿನ ಕೋಣೆಯಲ್ಲಿ ಸೀರೆಗಳಿಗೆ ಫಾಲ್ ಹಚ್ಚಿ ಪಿಕೋ ಮಾಡಿಕೊಡುವವಳು. ಖಾಸಬಾಗದ ಅಂಗಡಿಗಳಿಂದ ಗಂಟುಗಟ್ಟಲೆ ಸೀರೆ ಬರುತ್ತಿದ್ದವು. ಮರುದಿನ ನಸುಕಿನಲ್ಲಿ ಮಶೀನಿನ ಮುಂದೆ ಕೂತವಳ ಕಾಲು ಪೆಡಲಿನ ಮೇಲೆ ಹಾಗೇ ನಿಂತುಬಿಟ್ಟಿತು. ತವರಿನಲ್ಲಿ ಅವಳ ಹೆಸರು ಸಪ್ನಾ. ಮದುವೆಯ ದಿನ ಆದಿನಾಥ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದ ತುದಿಯಿಂದ 'ಅನುಜಾ' ಎಂದು ಬರೆದ. ಆ ಅಕ್ಕಿಯನ್ನು ಯಾರೋ ಬಾಚಿ ಡಬ್ಬಿಗೆ ಸುರಿದರು. ಹಳೆಯ ಹೆಸರು ತವರಿನಲ್ಲೇ ಉಳಿಯಿತು. ಈ ಕಡೆ ಹೆಣ್ಣುಮಕ್ಕಳಿಗೆಲ್ಲ ಹೀಗೇ.

ಹಾಗಾದರೆ ಅತ್ತೆಗೆ?

"ಏನ್ರೀ, ಅತ್ತಿಯವರ ಹೆಸರೇನು?"

ಆದಿನಾಥ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ, "ರಾಜಮತಿ," ಎಂದ.

"ಅದ ನಿಮ್ಮಪ್ಪಾರು ಅಕ್ಕ್ಯಾಗ ಬರದ ಹೆಸರು. ಅದಕ್ಕೂ ಮೊದಲ?"

"ಅದಕ್ಕೂ ಮೊದಲ ನಾ ಹುಟ್ಟಿದ್ದಿಲ್ಲ."

ಗೊತ್ತಿದ್ದವರು ಯಾರೂ ಉಳಿದಿರಲಿಲ್ಲ. ರಾಜಮತಿಯ ಗಂಡ ತೀರಿ ಇಪ್ಪತ್ತು ವರ್ಷ. ಅವಳ ಒಬ್ಬನೇ ತಮ್ಮ ತವರೂರಾದ ಬೀಡಿಯ ಮನೆ ಮಾರಿ ಗೋವಾಕ್ಕೆ ಹೋಗಿ ಅಲ್ಲಿಯೇ ತೀರಿದ. ಆದಿನಾಥನಿಗೆ ನೆನಪಿದ್ದುದು ಎರಡೇ ಸಂಗತಿ: ಅಜ್ಜನ ಹೆಸರು ಪಾಯಪ್ಪ ಚೌಗಲಾ, ಊರು ಖಾನಾಪುರ ತಾಲೂಕಿನ ಬೀಡಿ. ಅನುಜಾ ಅಷ್ಟನ್ನೇ ಸೆರಗಿಗೆ ಗಂಟು ಹಾಕಿಕೊಂಡವಳಂತೆ ಹೊರಟಳು.

ಖಾನಾಪುರದಲ್ಲಿ ಹಳೆಯ ದಫ್ತರಗಳ ಕೋಣೆ ಕಾಯುತ್ತಿದ್ದವನು ಭರಮಣ್ಣ. ಮಾತು ಜಾಸ್ತಿ, ಕೈ ನಿಧಾನ. ಬೀಡಿಯ ಜನನ-ಮರಣದ ಪುಸ್ತಕ ತೆಗೆದು ಧೂಳು ಊದಿದ. ಕಿಟಕಿಯ ಬಿಸಿಲಿನಲ್ಲಿ ಧೂಳು ಎದ್ದು, ಎಂಬತ್ತಾರು ವರ್ಷದ ಹಿಂದಿನ ಒಂದು ಬೆಳಗು ಗಾಳಿಯಲ್ಲಿ ತೇಲಿದಂತಾಯಿತು.

"ಪಾಯಪ್ಪ ಚೌಗಲಾ. ಜೈನ. ಒಕ್ಕಲುತನ. ಹೆಣ್ಣು. ನಾಕನೇದ್ದು. ಸಿಕ್ಕರಲ್ರೀ ನಿಮ್ಮ ಅತ್ತಿಯವರು!"

"ಹೆಸರ?"

"ಹೆಸರ ಎಲ್ಲಿಂದ ಬರಬೇಕ್ರಿ? ಹುಟ್ಟಿದ ಮರುದಿನ ಪೊಲೀಸಪಾಟೀಲ ಬಂದ ಬರಕೊಂಡ ಹೋಗ್ಯಾನ. ತೊಟ್ಲದಾಗ ಹಾಕೂದು ಹನ್ನೆರಡನೇ ದಿನಕ್ಕ. ಹೆಸರ ಇಟ್ಟ ಮ್ಯಾಲ ಸರಕಾರಕ್ಕ ತಿಳಸಾಕ ಯಾರ ಬರ್ತಾರು? ಗಂಡಹುಡುಗ ಆಗಿದ್ರ ಮುಂದ ಹೊಲದ ಉತಾರದಾಗರೆ ಬರ್ತಿದ್ದ."

ಅನುಜಾ ಹಿಂದಿನ ಮರಣದ ಹಾಳೆಗಳನ್ನು ತಿರುವಿದಳು. ಪಾಯಪ್ಪನ ಹೆಣ್ಣು ಕೂಸು, ಜ್ವರ. ಪಾಯಪ್ಪನ ಹೆಣ್ಣು ಕೂಸು, ಎಂಟು ದಿನ. ಪಾಯಪ್ಪನ ಹೆಣ್ಣು ಕೂಸು, ಭೇದಿ. ಮೂರು ಸಾಲು, ಒಂದೇ ಕೈಬರಹ. ಬರೆದವನು ಪ್ರತಿ ಸಲವೂ ಟಾಕು ಮಸಿಯಲ್ಲಿ ಅದ್ದಿ ಹೊಸದಾಗಿ ಶುರುಮಾಡಿದ್ದ.

"ಹೆಣ್ಣಮಕ್ಕಳ ಹೆಸರ ಈ ಖೋಲ್ಯಾಗ ಸಿಗೂದಿಲ್ರೀ ತಾಯಿ," ಭರಮಣ್ಣನ ದನಿ ತಗ್ಗಿತ್ತು. "ಸಾಲಿಗೆ ಕಳಿಸಿದ್ರ ಅಲ್ಲಿ ಸಿಗಬಹುದು. ಲಗೂನ ಹೋಗ್ರಿ, ನಂದಗಡದ ಮ್ಯಾಲ ಬೀಡಿಗೆ ಹೋಗೂ ಗಾಡಿ ನಿಂತೈತಿ."

ಬಸ್ಸು ನಂದಗಡ ದಾಟಿತು. ಭತ್ತ ಕೊಯ್ದ ಗದ್ದೆಗಳಲ್ಲಿ ಕೊಕ್ಕರೆಗಳು ನಿಂತಿದ್ದವು. ಅನುಜಾಳಿಗೆ ಕಣ್ಣು ಹತ್ತಿತು. ಅರೆನಿದ್ದೆಯಲ್ಲಿ ಮುಂದಿನ ಸೀಟಿನ ಮೇಲೆ ಮೂವರು ಪುಟ್ಟ ಹುಡುಗಿಯರು ಕೂತಿದ್ದರು. ಕಾಲು ನೆಲಕ್ಕೆ ತಾಗದೆ ತೂಗುತ್ತಿದ್ದವು. ನಿಮ್ಮ ಹೆಸರೇನವ್ವ ಎಂದು ಕೇಳಿದರೆ ಮೂವರೂ ನಕ್ಕು ಕಿಟಕಿಯ ಹೊರಗೆ ಬೊಟ್ಟು ಮಾಡಿದರು. ಅಲ್ಲಿ ನಾಲ್ಕನೆಯವಳು ಬಸ್ಸಿನ ಜೊತೆಗೇ ಬದುವಿನ ಮೇಲೆ ಓಡಿಬರುತ್ತಿದ್ದಳು. ಉಳಿದವಳು. "ಬೀಡಿ, ಬೀಡಿ! ಚಲಾ, ಇಳೀರಿ!" ಎಂದು ಕಂಡಕ್ಟರ್ ಕೂಗಿದಾಗ ಎಚ್ಚರವಾಯಿತು.

ಶಾಲೆಯ ಮುಖ್ಯೋಪಾಧ್ಯಾಯಿನಿ ದಾನೇಶ್ವರಿ ಕೆಂಪು ಬಟ್ಟೆಯ ಗಂಟು ಬಿಚ್ಚಿ, ಹಳೆಯ ದಾಖಲಾತಿ ಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿದಳು. ಕೂಸನ್ನು ಮಲಗಿಸಿದಷ್ಟೇ ಮೆಲ್ಲಗೆ. ಇಬ್ಬರ ಬೆರಳೂ ಸಾಲುಗಳ ಮೇಲೆ ಇಳಿಯುತ್ತ ಹೋಗಿ ಒಂದೇ ಕಡೆ ನಿಂತವು.

ಗೋದಾವರಿ ಪಾಯಪ್ಪ ಚೌಗಲಾ. ಮೂರನೆಯ ಇಯತ್ತೆ. ಶಾಲೆ ಬಿಟ್ಟ ಕಾರಣ: ಕೂಸು ಆಡಿಸುವುದು.

ಕೂಸು ಎಂದರೆ ಗೋವಾಕ್ಕೆ ಹೋದ ಆ ತಮ್ಮನೇ ಇರಬೇಕು. ಅದರ ಕೆಳಗೆ ಅದೇ ದಿನ ಶಾಲೆ ಬಿಟ್ಟ ಇನ್ನೊಬ್ಬ ಹುಡುಗಿ: ಕಾಶವ್ವ ಗುರುಪುತ್ರಪ್ಪ ಅಂಗಡಿ. ಕಾರಣ: ಗೆಳತಿ ಬಿಟ್ಟಿದ್ದರಿಂದ.

ದಾನೇಶ್ವರಿ ನಕ್ಕುಬಿಟ್ಟಳು. "ಇದ್ದದ್ದ ಇದ್ದಂಗ ಬರದಾರ ನೋಡ್ರಿ ಮಾಸ್ತರು!"

ಅನುಜಾ ಮನೆಗೆ ಫೋನು ಹಚ್ಚಿದಳು. "ಸಿಕ್ತರೀ! ಗೋದಾವರಿ ಅಂತ ಕರೀರಿ."

"ಹಡದವ್ವನ್ನ ಹೆಸರ ಹಿಡದ ಕರೀಲೇನ?"

"ಕರೀರೀ ಅಂದ್ರ!"

ಫೋನಿನಲ್ಲಿ ಮಗ್ಗದ ಸದ್ದು. ಅರವತ್ತು ವರ್ಷದ ಗಂಡಸು ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದು. "ಗೋ... ಗೋದಾವರಿ. ಗೋದಾವರೀ?" ಆಮೇಲೆ ಬಹಳ ಹೊತ್ತು ಬರೀ ಮಗ್ಗ.

"ಹೊಳ್ಳಿ ಸುದ್ದಾ ನೋಡವಲ್ಲಳು, ಅನುಜಾ."

ಅವಳು ಬೆಂಚಿನ ಮೇಲೆ ಕೂತುಬಿಟ್ಟಳು. ಪುಸ್ತಕ ಕೊಡುವುದನ್ನೆಲ್ಲ ಕೊಟ್ಟಾಗಿತ್ತು. ದಾನೇಶ್ವರಿ ಮಾತ್ರ ಇನ್ನೂ ಆ ಕೆಳಗಿನ ಸಾಲನ್ನೇ ನೋಡುತ್ತಿದ್ದಳು. "ಈ ಕಾಶವ್ವ ಇನ್ನೂ ಅದಾರಲ್ರೀ! ಸ್ವಾದರಮಾವಗ ಕೊಟ್ಟಿದ್ರು, ಊರ ಬಿಡಲಿಲ್ಲ. ಹೆಸರೂ ಬಿಡಲಿಲ್ಲ. ಬರ್ರಿ, ಇಲ್ಲೇ ಹಿಂದಿನ ಓಣಿ."

ಕಾಶವ್ವ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಒಂದೂ ಹಲ್ಲಿಲ್ಲ.

"ನಾ ಗೋದಾವರಿಬಾಯಿ ಸೊಸಿರೀ, ಆಯಿ. ಬೆಳಗಾವ್ಯಾಗಿಂದ ಬಂದೇನಿ."

"ಯಾವ ಗೋದಾವರಿನವ್ವಾ? ನನಗ ಯಾವ ಗೋದಾವರೀನೂ ಗೊತ್ತಿಲ್ಲ."

"ಪಾಯಪ್ಪ ಚೌಗಲಾರ ಮಗಳ್ರಿ. ಸಾಲ್ಯಾಗ ನಿಮ್ಮ ಬಾಜೂಕ ಇದ್ದಾಕಿ."

ಅವರೆಕಾಯಿ ಕೈಯಿಂದ ಜಾರಿತು. "ಎಲಾ ಇದರ! ಚೆಲವಿ ಸೊಸಿ ಅನ್ನಬಾರದಾ! ನಮ್ಮ ಚೆಲವಿ ಸೊಸಿ! ಜೀವಂತ ಅದಾಳಾ?"

"ಅದಾರ್ರಿ." ಅನುಜಾ ಜಾರಿದ ಕಾಯಿಯನ್ನು ಹೆಕ್ಕಿ ಅವಳ ಕೈಗಿಟ್ಟಳು. ಪುಸ್ತಕದಲ್ಲಿ ಗೋದಾವರಿ ಎಂದಿದೆಯಲ್ಲ ಎಂದು ಕೇಳಿದಳು.

"ಗೋದಾವರಿ ಅಂದ್ರ ಆಕಿ ಅಜ್ಜಿ ಹೆಸರು. ಹಿಂದಿನ ಮೂರೂ ಕೂಸು ಉಳೀಲಿಲ್ಲ. ನನ್ನ ಹೆಸರ ಇಡ್ರಿ, ನನ್ನಂಗ ಗಟ್ಟಿ ಆಗತಾಳ ಅಂತ ಅಜ್ಜಿ ತನ್ನ ಹೆಸರನ ಕೊಟ್ಲು. ಕೊಟ್ಟೇನ ಮಾಡೂದು? ಚೆಲವಿ ಅವ್ವ ಆ ಮನಿ ಸೊಸಿ ಅಲ್ಲೇನು? ಅತ್ತಿ ಹೆಸರ ಹಿಡಿಯಾಕ ಬರತೈತಾ? 'ಲೇ ಗೋದಾವರೀ, ಬಾರಲೇ' ಅಂದ್ರ ಕಟ್ಟೀಮ್ಯಾಗ ಕುಂತ ಮುದುಕಿ ಬಡಿಗಿ ತಗೋತಿದ್ಲು!" ಕಾಶವ್ವ ನಗುತ್ತ ಕಣ್ಣೊರೆಸಿಕೊಂಡಳು. "ಅದಕ್ಕ ಅವರವ್ವ ಚೆಲವಿ ಅಂತ ಕರದ್ಲು. ಓಣಿ ಎಲ್ಲಾ ಚೆಲವಿ ಅಂತು. ಆ ಗೋದಾವರಿ ಅನ್ನೂದು ಮಾಸ್ತರಗೊಬ್ಬಗ ಗೊತ್ತಿತ್ತು."

ಆಮೇಲೆ ಹೇಳತೊಡಗಿದಳು. ಚೆಲವಿಯ ಅವ್ವ ನಸುಕಿನಲ್ಲಿ ಜೋಳ ಬೀಸುತ್ತಿದ್ದುದು, ಹಿಟ್ಟು ಮೆತ್ತಿದ ಕೈಯಿಂದಲೇ ಮಗಳ ಗಲ್ಲ ಹಿಡಿದು ಜಡೆ ಹೆಣೆಯುತ್ತಿದ್ದುದು, ಕೂಸು ಸೊಂಟದ ಮೇಲಿದ್ದರೂ ಚೆಲವಿ ಕುಂಟಬಿಲ್ಲೆ ಗೆಲ್ಲುತ್ತಿದ್ದುದು. "ನಮ್ಮ ಮಂದಿ ದೀಪ ಹಚ್ಚಿದ ಮ್ಯಾಲ ಉಣ್ಣಾವರು. ಜೈನರ ಮನ್ಯಾಗ ಹೊತ್ತ ಮುಳಗೂದ್ರಾಗ ಉಂಡ ಕೈ ತೊಳೀಬೇಕು. ಇಲ್ಲಿ ಆಟ ರಂಗಕ್ಕ ಬಂದಿರತಿತ್ತು, ಅಲ್ಲಿ ಅವರವ್ವ ಹಿತ್ತಲ ಬಾಗಲದಾಗ ನಿಂತು..." ಮುದುಕಿ ಎರಡೂ ಅಂಗೈ ಬಾಯಿಗೆ ಹಿಡಿದು ಕೂಗಿದಳು. "ಚೆಲವೀ... ಹೊತ್ತ ಮುಳಗತೈತಿ, ಉಣ್ಣಾಕ ಬಾ!" ಎದುರು ಮನೆಯ ನಾಯಿ ಎದ್ದು ನಿಂತಿತು. "ಆಟ ಕೆಡಸ್ತಾಳಂತ ನಾವೆಲ್ಲಾ ಬೈತಿದ್ವಿ. ಕರದರ ಒಂದ ಕೂಗಿಗೆ ಓಡತಿದ್ಲು ಅಂತೀಯೇನ? ಆಕಿದೂ ಹಟ ಇತ್ತು."

ಅನುಜಾ ಮನೆಯ ಎಂಟೂವರೆಯ ತಾಟನ್ನು ನೆನೆದಳು. ಎರಡು ವರ್ಷದ ಹಿಂದೆ ಅತ್ತೆ ಬಿದ್ದು ಸೊಂಟ ಮುರಿದುಕೊಂಡಾಗ, ಊಟದ ಮೇಲೆ ನುಂಗುವ ಗುಳಿಗೆಗಳಿಗಾಗಿ ಸಂಜೆಯ ಊಟವನ್ನು ಎಂಟೂವರೆಗೆ ತಳ್ಳಿದ್ದರು. ಔಷಧಕ್ಕೆ ದೋಷವಿಲ್ಲ ಎಂದು ಎಲ್ಲರೂ ಸೇರಿ ಸಮಾಧಾನ ಹೇಳಿದ್ದರು. ಅತ್ತೆ ಆಗ ತಲೆಯಾಡಿಸಿದ್ದಳು. ಈಗ ಒಪ್ಪಿಕೊಂಡದ್ದು ಮರೆತುಹೋಗಿದೆ, ಹೊತ್ತು ಮರೆತಿಲ್ಲ. ಕತ್ತಲಾದ ಮೇಲೆ, ಕರೆಯದೆ, ತಾಟು ಮುಂದೆ ಬಂದರೆ ಆ ಹುಡುಗಿ ಹೇಗೆ ಉಂಡಾಳು?

"ಈಗ ಎಷ್ಟಾತು?" ಕಾಶವ್ವ ಕೇಳಿದಳು.

"ಮೂರೂವರಿ ಆತ್ರಿ."

"ಮತ್ತ ಓಡ. ಹೊತ್ತ ಯಾರ ಸೊಸಿಗೂ ಕಾಯಂಗಿಲ್ಲ. ನನಗೂ ಬರೂದಿತ್ತು. ಈ ಮಣಕಾಲ ಹೂಂ ಅನ್ನವಲ್ವು."

ಹಿಂದಿರುಗುವ ದಾರಿಯುದ್ದಕ್ಕೂ ಸೂರ್ಯ ಕಿಟಕಿಯಲ್ಲೇ ಇದ್ದ. ತೇಗದ ಮರಗಳ ಹಿಂದೆ ಅವಿತು, ಗದ್ದೆಯ ಬಯಲು ಬಂದಾಗ ಮತ್ತೆ ಹೊರಬಂದು, ಮಲಪ್ರಭೆಯ ನೀರಿನಲ್ಲಿ ಒಮ್ಮೆ ಮುಖ ನೋಡಿಕೊಂಡು, ಬಸ್ಸಿನ ಜೊತೆ ಪಂದ್ಯ ಹಚ್ಚಿದವನಂತೆ ಓಡುತ್ತಿದ್ದ. ಅನುಜಾ ಡಾಕ್ಟರಿಗೆ ಫೋನು ಮಾಡಿ ಕೇಳಿದಳು: ಊಟ ಆರಕ್ಕೆ ಆದರೆ ಗುಳಿಗೆ? ಹಾಲಿನ ಜೊತೆ ಕೊಡಬಹುದು, ಮೊದಲು ಉಣ್ಣಲಿ ಎಂದರು ಅವರು. ಅಷ್ಟೇ. ಇದನ್ನು ಯಾರೂ ಕೇಳಿರಲೇ ಇಲ್ಲ.

ಆಮೇಲೆ ಗಂಡನಿಗೆ. "ನುಚ್ಚ ಕುದಿಯಾಕ ಇಡ್ರಿ. ಆರಕ್ಕ ಆಗಿರಬೇಕು."

"ನಾ? ನುಚ್ಚಾ?"

"ನೀವ. ನೀರ ಕುದೀತಂದ್ರ ನುಚ್ಚ ಹಾಕ್ರಿ, ಕೈ ಬಿಡಬ್ಯಾಡ್ರಿ. ಮದಲಿನ ಹೆಸರ ಮರತಬಿಡ್ರಿ. ಹೊಸಾದ ಸಿಕ್ಕೈತಿ."

"ಅದನ್ನೂ ನಾನ ಕರೀಬೇಕೇನ?" ಎಂದ ಆದಿನಾಥ ಗಾಬರಿಯಿಂದ.

ಬೆಳಗಾವಿಯಲ್ಲಿ ಇಳಿದಾಗ ಬಿಸಿಲು ಮಾಳಿಗೆಗಳ ಅಂಚಿಗೆ ಏರಿತ್ತು. ಖಾಸಬಾಗದ ಪೇಟೆಯ ಗದ್ದಲದ ನಡುವೆ ಆಟೋ ಸಿಕ್ಕಿಬಿದ್ದಾಗ ಅವಳು ಇಳಿದು ನಡೆದಳು, ಕೊನೆಗೆ ಓಡಿದಳು. ಐವತ್ತು ದಾಟಿದ ಹೆಂಗಸು ಸೀರೆ ಎತ್ತಿ ಹಿಡಿದು ಓಡುವುದನ್ನು ವಡಗಾವಿಯ ಓಣಿ ಬಾಗಿಲಿಗೆ ಬಂದು ನೋಡಿತು.

ಮುಂಬಾಗಿಲಿನಿಂದ ಹೋಗಲಿಲ್ಲ. ಬಳಸಿ ಹಿತ್ತಲಿಗೆ ಬಂದು ಹೊಸ್ತಿಲ ಮೇಲೆ ನಿಂತಳು. ಒಳಗೆ ಮುದುಕಿ ಎಂದಿನಂತೆ ಕಿಟಕಿಯ ಬಳಿ, ಬೆನ್ನು ಈ ಕಡೆ ಮಾಡಿ ಕುಳಿತಿದ್ದಳು. ಗೋಡೆಯ ಮೇಲೆ ಕೊನೆಯ ಬಿಸಿಲು, ಹರವಿದ ಅರಿಸಿನದಂತೆ. ಅನುಜಾಳ ನಾಲಿಗೆ ಏಳಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅತ್ತೆಯನ್ನು ಏಕವಚನದಲ್ಲಿ ನೆನೆದವಳೂ ಅಲ್ಲ. ಆದರೆ ಈ ಹೆಸರು, ಇದು ಸೊಸೆಯೊಬ್ಬಳ ಬಾಯಲ್ಲೇ ಹುಟ್ಟಿದ್ದು. ಅತ್ತೆಯ ಹೆಸರು ಹಿಡಿಯಲಾಗದೆ, ಕೂಸನ್ನು ಕರೆಯದೆಯೂ ಇರಲಾಗದೆ, ಬೀಡಿಯ ಹೆಂಗಸೊಬ್ಬಳು ತನ್ನ ನಾಲಿಗೆಗೆ ಒಗ್ಗುವಂತೆ ಮಾಡಿಕೊಂಡದ್ದು. ಸೊಸೆಯಂದಿರು ಕರೆಯಬಹುದಾದ ಹೆಸರು.

"ಚೆಲವೀ..." ದನಿ ಮೊದಲು ಸಣ್ಣಗೆ ಬಂತು. ಉಸಿರೆಳೆದುಕೊಂಡು ಮತ್ತೆ ಕೂಗಿದಳು. "ಚೆಲವೀ, ಹೊತ್ತ ಮುಳಗತೈತಿ, ಉಣ್ಣಾಕ ಬಾ!"

ಸೆರಗಿನ ಅಂಚು ಹೊಸೆಯುತ್ತಿದ್ದ ಬೆರಳು ನಿಂತವು. ಅಡಿಗೆಮನೆಯಲ್ಲಿ ಆದಿನಾಥನ ಸೌಟೂ ನಿಂತಿತು.

"ತಡಿಯಬೇ!" ಮುದುಕಿ ತಿರುಗದೆಯೇ ಸಿಡುಕಿದಳು. "ಇನ್ನೊಂದ ಆಟ ಐತಿ!"

ಅನುಜಾ ಬಾಗಿಲ ಕಟ್ಟು ಹಿಡಿದುಕೊಂಡಳು. ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿ ಗದರಿದಳು. "ಆಟ ನಾಳಿ ಆಡೀಯಂತ. ಬಿಸಲ ನೋಡಲ್ಲೆ, ಗ್ವಾಡಿ ತುದಿಗೆ ಹೋತು. ಬರ್ತಿಯೋ, ಅಲ್ಲೇ ಬರಲೋ?"

"ಬಂದ್ನಿ, ಬಂದ್ನಿ."

ರಾಜಮತಿ ಕೈಚಾಚಿದಳು. ಅನುಜಾ ಓಡಿಹೋಗಿ ಹಿಡಿದುಕೊಂಡಳು. ಹಿತ್ತಲಲ್ಲಿ ಕೈ ತೊಳೆಸಿ, ಹೊಸ್ತಿಲಿನ ಮೇಲೆಯೇ ಕೂರಿಸಿ, ಆದಿನಾಥ ತಂದ ಬಟ್ಟಲಿನಿಂದ ಮಜ್ಜಿಗೆ ಕಲಸಿದ ನುಚ್ಚನ್ನು ಬಾಯಿಗಿಟ್ಟಳು. ನುಚ್ಚು ತಳ ಹಿಡಿದಿತ್ತು. ಮೊದಲ ತುತ್ತು ಬಹಳ ಹೊತ್ತು ಬಾಯಲ್ಲೇ ಇತ್ತು. ಎರಡನೆಯದು ಇಳಿಯಿತು. ಐದನೆಯದಕ್ಕೆ ಅವಳು ತಾನೇ ಬಾಯಿ ತೆರೆದಳು. ಆದಿನಾಥ ಗೋಡೆಗೆ ಒರಗಿ ನಿಂತು, ತಾಯಿಯ ಗಂಟಲು ಏರಿಳಿಯುವುದನ್ನು ಎಣಿಸುವವನಂತೆ ನೋಡುತ್ತಿದ್ದ. ಹಿತ್ತಲ ಗೋಡೆಯ ತುದಿಯಿಂದ ಬಿಸಿಲು ಕಳಚಿಕೊಂಡು, ಆಕಾಶದಲ್ಲಿ ಬರೀ ಬೆಳಕು ಉಳಿಯಿತು.

ಬಟ್ಟಲಿನಲ್ಲಿ ಎರಡು ತುತ್ತು ಇರುವಾಗ ಮುದುಕಿ ಸಾಕೆಂದು ಕೈ ಅಡ್ಡ ಮಾಡಿದಳು. ಸೊಸೆಯ ಮುಖವನ್ನು ಹತ್ತಿರದಿಂದ ನೋಡಿದಳು.

"ನೀ ಉಂಡಿಯೇನಬೇ ಯವ್ವಾ? ಹೊತ್ತ ಹೋತಲ್ಲ."

ಬೆಳಗಿನಿಂದ ಒಂದು ಕಪ್ಪು ಚಹಾದ ಮೇಲಿದ್ದಳು ಅನುಜಾ. "ಇನ್ನೂ ಬೆಳಕ ಐತವ್ವ," ಎಂದು ಹೇಳಿ, ಅಲ್ಲೇ ಅವಳ ಪಕ್ಕ ಹೊಸ್ತಿಲ ಮೇಲೆ ಕೂತು, ಉಳಿದ ಎರಡು ತುತ್ತನ್ನು ಬೆರಳಿನಿಂದ ಬಳಿದು ಉಂಡಳು.