ಉಬ್ಬುಮೀನಿನ ಸಾರು

ಮೂವತ್ತು ವರ್ಷ ಮೀನು ಕೊಯ್ದ ಕೈ ಇವನದು. ಬಲೆಗೆ ಬಿದ್ದ ವಿಷದ ಉಬ್ಬುಮೀನನ್ನು ಮುಲಾಜಿಲ್ಲದೆ ಕಸದ ಡಬ್ಬಿಗೆ ಎಸೆಯುತ್ತಿದ್ದ. ಒಂದು ದಿನ ಅದನ್ನೇ ಮೀನುಮಂಡಿಯ ಮಾಲೀಕ ಇವನಿಗೆ ತಿಳಿಯದಂತೆ ಹೆಕ್ಕಿಸಿ, ಗುರುತು ಸಿಗದಂತೆ ತಲೆ, ಚರ್ಮ ತೆಗೆಸಿ, "ಬೇಯಿಸಿದ್ರೆ ವಿಷ ಎಲ್ಲಿರುತ್ತೆ?" ಎಂದು ಕೆಲಸಗಾರರ ಸಾರಿಗೆ ಹಾಕಿಸಿದ. ಅವನ ಜಿಪುಣತನಕ್ಕೆ ಬೆಂಕಿ ಹಾಕ!

ಎಲ್ಲರಿಗಿಂತ ಮೊದಲು ಊಟಕ್ಕೆ ಕೂತ ಇವನು ಉಂಡು ಏಳುವಷ್ಟರಲ್ಲಿ ತುಟಿ ಜುಮ್ಮೆಂದಿತು. ಆಮೇಲೆ ಕೈಕಾಲು ಸ್ವಾಧೀನ ತಪ್ಪಿ, ನಾಲಿಗೆ ಹೊರಳದೆ, ಉಸಿರೂ ಸೋತಿತು. ಬುದ್ಧಿ ಮಾತ್ರ ನಿಚ್ಚಳವಾಗಿತ್ತು. ಆಸ್ಪತ್ರೆಯಲ್ಲಿ ಮಾಲೀಕ, "ಕುಡಿದು ಬಿದ್ದಿದಾನೆ ಡಾಕ್ಟ್ರೇ," ಎಂದ. ಜನ್ಮದಲ್ಲಿ ಹೆಂಡ ಮುಟ್ಟದವನ ಬಗ್ಗೆ!

ಎರಡು ದಿನ ಯಂತ್ರವೇ ಇವನಿಗಾಗಿ ಉಸಿರಾಡಿತು. ನಾಲಿಗೆ ಹೊರಳಿದ ದಿನ ಮಾಲೀಕ ಹಣ್ಣು ಹಿಡಿದು, ಹಲ್ಲು ಕಿರಿಯುತ್ತ ಬಂದ.

"ಆ ಮಾತು ಇನ್ನೊಂದ್ಸಲ ಹೇಳಿ ಸಾಹುಕಾರ್ರೇ, ಡಾಕ್ಟ್ರೂ ಇಲ್ಲೇ ಇದಾರೆ," ಎಂದ ಇವನು. "ಅವತ್ತು ನನ್ನ ಮೈ ಸತ್ತಿತ್ತು, ಕಿವಿ ಸತ್ತಿರಲಿಲ್ಲ."